ಕಲಂ ನಾಲ್ಕು

ನಗರಸಭೆಯ ಅರ್ಜಿ ಏಳು ಪುಟ.
ಹೆಸರು, ವಿಳಾಸ, ಮಕ್ಕಳ ಸಂಖ್ಯೆ ಮೂವತ್ತೊಂದು,
ಇಷ್ಟು ಬರೆದು ಪೆನ್ನು ನಿಂತಿದೆ.
ಕಲಂ ನಾಲ್ಕು ಕೇಳುತ್ತದೆ:
ಈ ವರ್ಷ ಎಷ್ಟು ಯುವಜನರು ಸಬಲರಾದರು?
ಅಂಕಿಯಲ್ಲಿ ತುಂಬಿರಿ.

ಮೆಂಫಿಸ್‌ನ ದಕ್ಷಿಣಕ್ಕೆ, ಸಾಲ್ಟರ್ ಬೀದಿಯ ಕೊನೆಗೆ,
ಮುಚ್ಚಿದ ಶಾಲೆಯ ನೆಲಮಾಳಿಗೆಯಲ್ಲಿ ನಮ್ಮ ಕೊಳ.
ಮೂವರು ಸಾಲಾಗಿ ಈಜಿದರೆ ತುಂಬಿತು.
ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂದವರು
ನಮ್ಮ ಬಾಯ್ಲರ್ ಮುನಿದ ದಿನ ಬಂದು ನೋಡಲಿ.

ಜಮೀರಾಳ ಜಡೆಗಳನ್ನು ಹೆಣೆಯಲು
ಅವಳಮ್ಮನಿಗೆ ಆರು ಗಂಟೆ ಹಿಡಿದಿದೆ.
ಅಂಗಡಿಯ ಈಜುಟೋಪಿ ಅದರ ಮೇಲೊಂದು ಬಟ್ಟಲು.
ಯಾರ ತಲೆ ಅಳೆದು ಮಾಡಿದರೋ!
ಕುಂಬಳಕಾಯಿ ಹೊಗುವಂಥವನ್ನು ನಾವೇ ತರಿಸಿದೆವು,
ಹೋದ ವರ್ಷದ ಹಣದಲ್ಲಿ ಅರ್ಧ ಅದಕ್ಕೇ ಹೋಯಿತು.
ಲೆಕ್ಕ ನೋಡಿದವರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ.

ಮೊದಲ ಪಾಠ ಈಜುವುದಲ್ಲ, ತೇಲುವುದು.
ಕ್ವಿನ್ಸಿಗೆ ಹದಿಮೂರು, ನನಗಿಂತ ಉದ್ದ.
ನೀರು ಎದೆಗೆ ಬಂದದ್ದೇ ತಡ, ಎರಡೂ ಕೈ ಮೇಲಕ್ಕೆ,
ಅಂಗೈ ಬಿಡಿಸಿ, ಬೆರಳು ಅಗಲಿಸಿ, ಅಲುಗದೆ.
ಯಾರು ಕಲಿಸಿದರು ಹೀಗೆ?
ಗೊತ್ತಿದ್ದೂ ಕೇಳಿದೆ.
ಅಮ್ಮ. ಕಾರಿನ ಹಿಂದೆ ನೀಲಿ ದೀಪ ತಿರುಗಿದರೆ ಹೀಗಿರು ಅಂದಿದ್ದಾಳೆ.
ನನ್ನಮ್ಮನೂ ಅಂದಿದ್ದಳು, ಅಡುಗೆಮನೆಯಲ್ಲಿ ನಿಲ್ಲಿಸಿ
ಮಗ್ಗಿ ಒಪ್ಪಿಸಿಕೊಂಡ ಹಾಗೆ,
ತಪ್ಪಿದರೆ ಮತ್ತೆ ಮೊದಲಿಂದ.

ಎತ್ತಿದ ಕೈಯ ಭಾರಕ್ಕೆ ತಲೆ ಮುಳುಗುತ್ತದೆ ಮರಿ.
ಇದು ನೀರು. ಇದಕ್ಕೆ ನೀನು ಏನನ್ನೂ ತೋರಿಸಬೇಕಿಲ್ಲ.
ಕೈ ಇಳಿಸು.
ಇಳಿಸಲಿಲ್ಲ. ಮೂರು ಶನಿವಾರ ಇಳಿಸಲಿಲ್ಲ.

ಹಾಲೊವೆಲ್ ಪಾರ್ಕಿನಲ್ಲಿ ದೊಡ್ಡ ಕೊಳವಿತ್ತಂತೆ, ಬಿಳಿಯರದು.
ಮಿಸ್ ಅರ್ನೆಸ್ಟೀನ್‌ಗೆ ಆಗ ಒಂಬತ್ತು.
ಬೇಲಿಯ ಸಂದಿಯಿಂದ ಕಾಲಿನ ಹೆಬ್ಬೆರಳು ಅದ್ದಿದ್ದು, ಅಷ್ಟೇ.
ಮೈಲಿಗೆಯಾಯಿತು.
ಇಡೀ ಕೊಳ ಬಸಿದು, ಎರಡು ದಿನ ಬ್ರಷ್ಷು ಹಾಕಿ ಉಜ್ಜಿದರು.
ಎಲ್ಲರಿಗೂ ತೆರೆಯಿರಿ ಎಂದು ಕೋರ್ಟು ಹೇಳಿದ ವರ್ಷ
ಲಾರಿಗಟ್ಟಲೆ ಮಣ್ಣು ತಂದು ಹೂತೇಬಿಟ್ಟರು,
ತಮ್ಮ ಮಕ್ಕಳಿಗೂ ಇಲ್ಲದ ಹಾಗೆ.
ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.
ಟಾರು ಬಿರಿದ ಕಡೆ ನೀಲಿ ಟೈಲ್ಸಿನ ಚೂರು ಇಣುಕುತ್ತದೆ.

ಹಾಗಾಗಿ ಅವರು ಈಜು ಕಲಿಯಲಿಲ್ಲ,
ಅವರ ಮಗಳು ಕಲಿಯಲಿಲ್ಲ,
ಮಗಳ ಮಗ ಲೆಮ್ಯುಯೆಲ್ ಕಲಿಯಲಿಲ್ಲ.
ಜೂನ್ ತಿಂಗಳು, ನದಿ, ದಡದಿಂದ ಹತ್ತೇ ಅಡಿ,
ನೋಡುತ್ತ ನಿಂತ ಐದು ಜನ ಗೆಳೆಯರು.
ಐವರಿಗೂ ಈಜು ಬರುತ್ತಿರಲಿಲ್ಲ.
ಅವರಲ್ಲೊಬ್ಬಳು ನಾನು.
ಇದಕ್ಕೆ ಅರ್ಜಿಯಲ್ಲಿ ಕಲಂ ಇಲ್ಲ.

ನಾಲ್ಕನೇ ಶನಿವಾರ ಕ್ವಿನ್ಸಿಯನ್ನು ಬೆನ್ನಿಗೆ ಕೈಕೊಟ್ಟು ಮಲಗಿಸಿದೆ.
ಮಲಗಿಯೂ ಕೈ ಆಕಾಶಕ್ಕೆ.
ಪಕ್ಕದಲ್ಲಿ ಜಮೀರಾ ತೇಲುತ್ತಿದ್ದಳು,
ತಾವರೆ ಎಲೆಯಂತೇನಲ್ಲ, ಹರಿದ ಚಾಪೆಯಂತೆ, ನಗುತ್ತ.
ಟೋಪಿ ಜಾರಿ ಅವಳದೊಂದು ಜಡೆ ಹೊರಬಿದ್ದು
ಅವನ ಕುತ್ತಿಗೆಗೆ ಕಚಗುಳಿ.
ತುರಿಸಿಕೊಳ್ಳಲು ಒಂದು ಕೈ ಇಳಿಸಿದ.
ಇನ್ನೊಂದು ತಾನಾಗಿ ಬಂತು.
ಬೆನ್ನಡಿಯಿಂದ ನನ್ನ ಅಂಗೈ ತೆಗೆದೆ. ಹೇಳಲಿಲ್ಲ.

ಆಗಲೇ ಮೇಲೆ ಬೀದಿಯಲ್ಲಿ ಸೈರನ್ ಹಾದುಹೋಯಿತು.
ಮೂವತ್ತು ತಲೆ ಕಿಟಕಿಯತ್ತ ತಿರುಗಿದವು, ನನ್ನದೂ ಸೇರಿ.
ಕ್ವಿನ್ಸಿಯ ಎರಡೂ ಕಿವಿ ನೀರೊಳಗಿದ್ದವು.
ಅವನಿಗೆ ಕೇಳಿಸಲಿಲ್ಲ.

ಕಲಂ ನಾಲ್ಕರಲ್ಲಿ ಹನ್ನೊಂದು ಎಂದು ತುಂಬಿದ್ದೇನೆ.
ಮಕ್ಕಳು ಅಂದುಕೊಂಡರೆ ಅಂದುಕೊಳ್ಳಲಿ.
ಅದು ಸೆಕೆಂಡು.

ಕಲಂ ಐದು, ಮುಂದಿನ ವರ್ಷದ ಅಗತ್ಯಗಳು:
ಬಾಯ್ಲರ್ ಒಂದು.
ಬೆಂಚಿನ ಮೇಲೆ ಮಡಿಲಲ್ಲಿ ಟವೆಲ್ಲು ಇಟ್ಟುಕೊಂಡು
ವಾರವಾರ ಬಂದು ಕೂರುವ
ಎಪ್ಪತ್ತಾರರ ಒಬ್ಬರಿಗೆ ಈಜುಡುಪು ಒಂದು,
ಅಳತೆಯನ್ನು ಅವರಿಗೆ ತಿಳಿಯದಂತೆ ಕಳಿಸಿಕೊಡುತ್ತೇನೆ.