ಆರುನೂರ ಎಂಟು

ರಾತ್ರಿಪಾಳಿಯ ಟ್ರಾಮು ಓಡಿಸಿ ಬಂದು ಮಲಗುವವನಿಗೆ
ಬೆಳಗಿನ ಒಂಬತ್ತೆಂದರೆ ನಡುರಾತ್ರಿ.
ಆಗಲೇ ಮೇಲಿನ ಮನೆಯಲ್ಲಿ ಶುರು:
ಮೊದಲು ಗೊರಗೊರ,
ಆಮೇಲೆ ಹಲ್ಲಿನ ಬೇರಿಗಿಳಿಯುವ ಕೀರಲು,
ಕೊನೆಗೆ ತಗಡಿನ ಡಬ್ಬಿಯಲ್ಲಿ ಗೋಲಿ ಕುಲುಕಿದ ಹಾಗೆ.
ಹನ್ನೊಂದು ದಿನ ತಡೆದೆ. ಹನ್ನೆರಡನೆಯ ದಿನ
ಪೈಜಾಮದಲ್ಲೇ ಮೆಟ್ಟಿಲೇರಿ ಬಾಗಿಲು ಬಡಿದೆ.

ಬಡಿದದ್ದೇ ಬಂತು.
ಗೆನೊವೇಫಾಗೆ ಕಿವಿ ಕೇಳಿಸುವುದಿಲ್ಲ.
ಈ ವೂಚ್ ಊರಿನ ಹತ್ತಿಗಿರಣಿಯಲ್ಲಿ
ಇಪ್ಪತ್ತಾರು ವರ್ಷ, ಹನ್ನೆರಡು ಮಗ್ಗಗಳ ನಡುವೆ ನಿಂತವಳು.
ಕದ ನೂಕಿ ಒಳಗೆ ಹೋದೆ. ನನ್ನ ತುಟಿ ನೋಡಿದಳು.
‘ಸದ್ದಾ?’ ಎಂದಳು, ‘ಇದಕ್ಕೆ ಸದ್ದಿದೆಯಾ?’

ಇದು ಎಂದರೆ
ಹಂದಿಮರಿಯಷ್ಟು ಗುಂಡಗಿನ ಹಸಿರು ವ್ಯಾಕ್ಯೂಮು,
ಮದುವೆಗೆ ಗಿರಣಿಯ ಹೆಂಗಸರು ಚಂದಾ ಎತ್ತಿ ಕೊಟ್ಟದ್ದು.
ಗಂಡ ಹೋಗಿ ಒಂಬತ್ತು ವರ್ಷ, ಇದಿನ್ನೂ ಗುಡಿಸುತ್ತಿದೆ.

ನಾಲ್ಕು ಸ್ಕ್ರೂ. ಮೂರು ಸಿಕ್ಕವು,
ನಾಲ್ಕನೆಯದು ಹೆಸರಿನ ಚೀಟಿಯ ಅಡಿ ಅಡಗಿತ್ತು.
ಒಳಗೆ ಬೂದು ದೂಳು, ಒಂದು ಗುಂಡಿ, ಕ್ರಿಸ್ಮಸ್ ಮರದ ಸೂಜಿಯೆಲೆ,
ಯಾವ ವರ್ಷದ್ದೋ.
ಇಂಗಾಲದ ಬ್ರಶ್ಶುಗಳು ಸವೆದರೂ ಇನ್ನೂ ಉಗುರಿನಷ್ಟಿವೆ,
ಸದ್ದು ಅವುಗಳದ್ದಲ್ಲ.
ಮೋಟರು ಬಿಟ್ಟು, ಸ್ಕ್ರೂಡ್ರೈವರಿನ ತುದಿ ಅದಕ್ಕೆ ಊರಿ
ಹಿಡಿಕೆಗೆ ಕಿವಿ ಕೊಟ್ಟೆ, ಡಿಪೋದಲ್ಲಿ ಕಲಿತ ವಿದ್ಯೆ.
ಎಲ್ಲ ಕಡೆಯೂ ಒಂದೇ ಕಿರುಚು.

ಅವಳು ಅದನ್ನು ಕಸಿದುಕೊಂಡು
ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದಳು.
ಹಿಂದೆ ಊರಿದಳು. ಮುಂದೆ ಊರಿದಳು.
‘ಫ್ಯಾನಿನ ಕಡೆಯದು,’ ಎಂದಳು,
‘ನಾಲ್ಕನೇ ಮಗ್ಗದಲ್ಲಿ ಎಳೆ ಹರಿದರೆ
ನನ್ನ ಪಾದಕ್ಕೆ ಮೊದಲು ಗೊತ್ತಾಗುತ್ತಿತ್ತು.’

ಫ್ಯಾನಿನ ನಟ್ಟು ಎಡಸುತ್ತಿನದು.
ಅದು ತಿಳಿಯದೆ ಅರ್ಧ ಗಂಟೆ ಎಡಕ್ಕೇ ತಿರುಗಿಸಿ
ಇನ್ನಷ್ಟು ಬಿಗಿ ಮಾಡಿದೆ.
ಬೇರಿಂಗು ಕೊನೆಗೆ ಕೈಗೆ ಬಂತು:
ಗ್ರೀಸು ಒಣಗಿ ಕಂದು ಮೇಣ, ಉರುಳಿಸಿದರೆ ಮರಳು.
ಅಂಚಿನ ಮೇಲೆ ಒರೆಸಿ ಓದಿದೆ, ಆರುನೂರ ಎಂಟು.

ಶನಿವಾರ ಮಧ್ಯಾಹ್ನ, ಅಂಗಡಿ ಇನ್ನು ಸೋಮವಾರಕ್ಕೆ.
ಆದರೆ ಆ ಅಂಕಿಯನ್ನು ನಾನೆಲ್ಲೋ ನೋಡಿದ್ದೆ.
ಕೆಳಗಿಳಿದು ಕಪಾಟಿನ ಮೇಲಿಂದ
ಯಾಗ್ನಾಳ ಗಾಲಿಜೋಡು ತೆಗೆದೆ. ಒಂದೇ ವರ್ಷದಲ್ಲಿ
ಅವಳ ಪಾದ ಎರಡು ಸೈಜು ಬೆಳೆದು ಬಿಟ್ಟುಹೋದವು.
ಎಂಟು ಗಾಲಿ, ಹದಿನಾರು ಬೇರಿಂಗು,
ಹದಿನಾರೂ ಆರುನೂರ ಎಂಟು.
ಒಂದನ್ನು ತೆಗೆದೆ. ಅವಳು ತನ್ನ ತಾಯಿಯ ಮನೆಯಲ್ಲಿದ್ದಳು,
ಕೇಳಲಿಲ್ಲ.

ಪಾರ್ಕಿನ ಸಿಮೆಂಟಿನ ಮೇಲೆ ಉರುಳಿದ್ದಕ್ಕೆ
ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ಹೆಚ್ಚೇ,
ಎಷ್ಟು ದಿನ ಬಾಳುತ್ತದೋ ಕೇಳಬೇಡಿ.
ಒಳಬಳೆಗೆ ಕೊಳವೆಯಿಟ್ಟು ಮೆಲ್ಲಗೆ ತಟ್ಟಿ ಕೂರಿಸಿದೆ.
ಗುಂಡಿ ಒತ್ತಿದರೆ
ಬರೀ ಗಾಳಿ, ದೂರದ ರಸ್ತೆಯಂತೆ.
ನಾನು ನಕ್ಕೆ. ಅವಳು ಹಿಡಿಕೆ ಹಿಡಿದು ಕಾಯುತ್ತಲೇ ಇದ್ದಳು:
‘ಹಾಕು ಮತ್ತೆ.’

ಮಂಗಳವಾರ ಒಂಬತ್ತಕ್ಕೆ ಆ ಗಾಳಿ ಶುರುವಾಯಿತು.
ಹತ್ತು. ಹನ್ನೊಂದು. ನಿದ್ದೆಯಲ್ಲೂ ಎಣಿಸಿದೆ.
ಒಂದು ಗಂಟೆಗೆ ಹತ್ತಿ ಹೋದರೆ
ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದಾಳೆ,
ಹಜಾರದಲ್ಲಿ ಹಸಿರು ಹಂದಿಮರಿ ಒಂದೇ ಚಾಪೆಯಂಚನ್ನು
ಬಿಸಿಯಾಗಿ, ಒಬ್ಬಂಟಿಯಾಗಿ, ಹೀರುತ್ತಲೇ ಇದೆ.
ಅಂಗೈಗೆ ನಡುಕ ಬಾರದಿದ್ದರೆ
ಆರಿತೋ ಉಂಟೋ ಅವಳಿಗೆ ಹೇಗೆ ತಿಳಿಯಬೇಕು?
‘ಚೆನ್ನಾಗಿ ರಿಪೇರಿ ಮಾಡಿದೆ,’ ಎಂದಳು.
ಹೊಗಳಿದಳೋ ಬೈದಳೋ.

ಆಮೇಲೆ ಮೇಜಿನ ಖಾನೆಯೆಳೆದು
ಗಿರಣಿಯ ಕದಿರುಂಡೆಯೊಂದನ್ನು ಹುಡುಕಿದಳು,
ಕೆಂಪು ನೂಲು. ಗೇಣುದ್ದ ಕಚ್ಚಿ ಕತ್ತರಿಸಿ
ಗಾಳಿ ಹೊರಬೀಳುವ ಜಾಲರಿಗೆ ಗಂಟು ಹಾಕಿದಳು,
ಒಂದೇ ಕೈಯಲ್ಲಿ, ನೋಡದೆ.
ಒತ್ತಿದರೆ ನೂಲು ಎದ್ದು ನಿಂತು ಪಟಪಟಿಸಿತು.
ಆರಿಸಿದರೆ ಜೋತಿತು.
ಐದಾರು ಸಲ ಆಡಿಸಿದಳು, ಬೇಕೆಂದೇ.

ಈಗ ಒಂಬತ್ತಕ್ಕೆ ನನಗೆ ತಾನಾಗಿ ಎಚ್ಚರ.
ನಿನ್ನೆ ಯಾಗ್ನಾ ಫೋನು ಮಾಡಿದ್ದಳು:
ಗಾಲಿಜೋಡು ಬೇಕಂತೆ, ಮಾವನ ಮಗುವಿಗೆ.
ಭಾನುವಾರ ತರುತ್ತೇನೆ ಅಂದೆ.
ಹದಿನೈದೇ ಇವೆ ಎಂದು ಇನ್ನೂ ಹೇಳಿಲ್ಲ.