ಕಲ್ಲಿಡುವ ಹುಡುಗ

ಚಿಂತಾಮಣಿಯ ಬಾಗೇಪಲ್ಲಿ ರಸ್ತೆಯಲ್ಲಿ ನನ್ನದೊಂದು ಲೇತು.
ಬೋರ್‌ವೆಲ್ಲಿನ ಷಾಫ್ಟು, ಟ್ರ್ಯಾಕ್ಟರಿನ ಬುಷ್ಷು,
ಒಮ್ಮೊಮ್ಮೆ ಯಾರದೋ ಗ್ರೈಂಡರಿನ ಪಿನ್ನು.
ಅವತ್ತು ಗೌಸ್ ಪೀರ್ ತಂದು ಮೇಜಿನ ಮೇಲಿಟ್ಟದ್ದು
ಬಸವನಹುಳದ ಚಿಪ್ಪಿನಂಥ ಕಬ್ಬಿಣ.
"ಅಂಜಿನಮ್ಮ, ಗುಜರಿ ಲಾರಿಯ ಟರ್ಬೊ ಇದು.
ಪಿಳ್ಳಪ್ಪನ ಷೆವರ್ಲೆಗೆ ಕೂರಿಸಬೇಕು."

ನಕ್ಕೆ.
ಆ ಕಾರು ನನಗಿಂತ ಹದಿನೈದು ವರ್ಷಕ್ಕೆ ದೊಡ್ಡದು.
ಉದ್ದ ಮೂತಿ, ಒಳಗೆ ಸಾಲಾಗಿ ಆರು ಸಿಲಿಂಡರು,
ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ.
ಬಡಿಸುವುದು ಮಾತ್ರ ಸಾಲಾಗಿ ಅಲ್ಲ:
ಒಂದು, ಐದು, ಮೂರು, ಆರು, ಎರಡು, ನಾಲ್ಕು.

ಸಂಜೆ ಪಿಳ್ಳಪ್ಪ ಬಂದ. ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ ಕಾಲ;
ನಂದಿ ಬೆಟ್ಟದ ಒಂದು ತಿರುವಿನಲ್ಲಿ, ಏಳು ಜನ ತುಂಬಿದ್ದರೆ,
ಎಂಜಿನ್ನಿಗೆ ಉಬ್ಬಸ ಬಂದು ನಿಂತೇಬಿಡುತ್ತಿತ್ತಂತೆ.
ಹ್ಯಾಂಡ್‌ಬ್ರೇಕು ಹೆಸರಿಗೆ.
ಹತ್ತು ವರ್ಷದ ಇವನ ಕೆಲಸ, ಬಾಗಿಲಿಂದ ಹಾರಿ
ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು.
"ಒಂದ್ಸಲ ಬೆರಳು ಸಿಕ್ಕಿಬಿಡ್ತು ಕಣಮ್ಮ."
ಎಡಗೈಯ ಕಿರುಬೆರಳು ಇನ್ನೂ ಸೊಟ್ಟ.
"ಆ ತಿರುವು ನಿಲ್ಲದೆ ದಾಟಬೇಕು. ಒಂದೇ ಸಲ ಸಾಕು."

ಗೌಸ್ ಪೀರ್ ಬೀಡಿ ಹಚ್ಚದೆ ಬಾಯಲ್ಲಿಟ್ಟು ವಿವರಿಸಿದ.
ಇಷ್ಟು ವರ್ಷ ಸೈಲೆನ್ಸರಿನಿಂದ ಬಿಟ್ಟಿ ಹೋದ ಹೊಗೆ
ಇನ್ನು ಮೇಲೆ ಒಂದು ಚಕ್ರ ತಿರುಗಿಸಿ ಹೋಗಬೇಕು.
ಅದೇ ಅಚ್ಚಿಗೆ ಇನ್ನೊಂದು ಚಕ್ರ,
ಅದು ಗಾಳಿಯನ್ನು ಒಳಗೆ ತುರುಕುತ್ತದೆ.
ಕುಲುಮೆಯ ತಿದಿ ಇದ್ದ ಹಾಗೆ,
ಒತ್ತುವುದಕ್ಕೆ ಆಳಿಲ್ಲ ಅಷ್ಟೆ.
ಬಿಟ್ಟ ಉಸಿರೇ ಆಳು.

ಹನ್ನೆರಡು ಮಿಲಿಮೀಟರ್ ಪ್ಲೇಟಿನಲ್ಲಿ ಫ್ಲಾಂಜು ಕೊರೆದೆ.
ಎರಡು ಹಾಳಾದವು.
ಎಣ್ಣೆ ಬರುವ ನಳಿಕೆ ಸಪೂರ, ಹೋಗುವುದು ದಪ್ಪ,
ಇಳಿಜಾರಾಗಿಯೇ ಇರಬೇಕು;
ನಮ್ಮ ಹಾಗೆ ಎಣ್ಣೆಗೆ ಬೆಟ್ಟ ಹತ್ತುವ ಹುಚ್ಚಿಲ್ಲ.
ಕಿಡಿಯನ್ನು ನಾಲ್ಕು ಡಿಗ್ರಿ ತಡ ಮಾಡಿದ ಗೌಸ್ ಪೀರ್:
"ಮುದುಕರ ಬಾಯಿಗೆ ಬಿಸಿ ಅನ್ನ ತುರುಕಬಾರದು."
ಐದು ಪೌಂಡು ಒತ್ತಡ. ಆರಾದರೆ
ಹೆಡ್ಡಿನ ಗ್ಯಾಸ್ಕೆಟ್ಟಿಗೆ ತಾನು ಜವಾಬ್ದಾರನಲ್ಲ.

ಮೊದಲ ದಿನ ಕೈವಾರ ಕ್ರಾಸಿನಲ್ಲೇ
ಪೆಟ್ರೋಲು ಉಕ್ಕಿ, ಕರಿಹೊಗೆ ಕಕ್ಕಿ, ಆರಿಹೋಯಿತು.
ಕಾರ್ಬುರೇಟರು ಬಿಚ್ಚಿದರೆ, ಒಳಗಿನ ಹಿತ್ತಾಳೆಯ ಫ್ಲೋಟು
ಮುಷ್ಟಿಯಲ್ಲಿ ಹಿಂಡಿದ ಪೂರಿಯ ಹಾಗೆ ಅಪ್ಪಚ್ಚಿ.
ಟೊಳ್ಳಿಗೆ ಆ ಗಾಳಿ ತಾಳಲಿಲ್ಲ.
ಗಟ್ಟಿ ಫೋಮಿನದೊಂದು ಹುಡುಕಿ, ಅಳತೆಗೆ ತೀಡುತ್ತ
ರಾತ್ರಿ ಹನ್ನೊಂದಾಯಿತು. ಪಕ್ಕದ ಹಿಟ್ಟಿನ ಗಿರಣಿಯ ಬೆಕ್ಕು
ಬಾನೆಟ್ಟಿನ ಬಿಸಿಗೆ ಮಲಗಿತ್ತು.

ಸೋಮವಾರ. ಏಳು ಜನ ಇರಲೇಬೇಕೆಂದು ಪಿಳ್ಳಪ್ಪನ ಹಠ.
ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಲ್ಲಿ
ನಾಲ್ವರು ಹಮಾಲಿಗಳನ್ನು ಟೀ ಕೊಡಿಸ್ತೀನೆಂದು ಹತ್ತಿಸಿದ.
ಸ್ಟೇರಿಂಗು ಗೌಸ್ ಪೀರ್‌ಗೆ.
ತಾನು ಹಿಂದೆ, ಬಾಗಿಲ ಪಕ್ಕ, ಕಾಲಬುಡದಲ್ಲಿ ಕಲ್ಲು.
"ಅದ್ಯಾಕೆ ಈಗ?" ಅಂದೆ.
"ಇರಲಿ."

ತಿರುವು ಬಂತು.
ಮೊದಲು ಏನೂ ಇಲ್ಲ. ಪೆಡಲು ತುಳಿದರೂ ಏನೂ ಇಲ್ಲ.
ಆಮೇಲೆ ಮೂತಿಯೊಳಗಿಂದ ಸಣ್ಣ ಸಿಳ್ಳೆ,
ಕುಕ್ಕರು ಕೂಗುವ ಮುಂಚೆ ಎಳೆಯುತ್ತದಲ್ಲ, ಅಂಥದ್ದು,
ಅದರ ಹಿಂದೆಯೇ
ಏಳು ಬೆನ್ನುಗಳಿಗೂ ಒಂದೇ ಅಂಗೈ.
ದಾಟಿದೆವು.
ಹಮಾಲಿಗಳು ಹೋ ಎಂದರು.
ತಿರುಗಿ ನೋಡಿದರೆ ಪಿಳ್ಳಪ್ಪನ ಬಾಗಿಲು ಅರ್ಧ ತೆರೆದಿತ್ತು.
ಕಾರು ನಿಲ್ಲಲಿಲ್ಲವೆಂದು
ಅವನ ಕೈಗೆ ಯಾರೂ ಹೇಳಿರಲಿಲ್ಲ.

ಇನ್ನೆರಡು ತಿರುವು. ಸುಟ್ಟ ವಾಸನೆ.
ಎಂಜಿನ್ನು ಓಡುತ್ತಿದೆ, ಕಾರು ಓಡುತ್ತಿಲ್ಲ.
ಬಲ ಬಂದಿತ್ತು, ಅದನ್ನು ಹಿಡಿಯಬೇಕಾದ ಕ್ಲಚ್ಚು
ಅದೇ ಹಳೆಯದು. ನಾವ್ಯಾರೂ ನೆನೆಸಿಕೊಂಡಿರಲಿಲ್ಲ.
ಬ್ರೇಕಿನ ಮೇಲೂ ಗೇಣು ಗೇಣಾಗಿ ಹಿಂದೆ ಸರಿಯುವಾಗ
ಅರವತ್ತನಾಲ್ಕರ ಪಿಳ್ಳಪ್ಪ ಹಾರಿದ.
ಚಕ್ರ ಕಲ್ಲನ್ನು ಕಚ್ಚಿ ನಿಂತಿತು.
ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು
ಬೆರಳುಗಳನ್ನೊಮ್ಮೆ ಎಣಿಸಿಕೊಂಡ.

ಗೌಸ್ ಪೀರ್ ತಕ್ಷಣ ಆರಿಸಲಿಲ್ಲ.
ಕಾದ ಚಕ್ರಕ್ಕೆ ಎರಡು ನಿಮಿಷ ಎಣ್ಣೆ ಕುಡಿಸಿ
ಆಮೇಲೆ ಕೀಲಿ ತಿರುಗಿಸಿದ.
ಒಂದು, ಐದು, ಮೂರು... ಆರರ ಹತ್ತಿರ ಎಲ್ಲೋ ನಿಂತಿತು.
ಬಸವನಹುಳದೊಳಗೆ ಮಾತ್ರ ಯಾವುದೋ ಇನ್ನೂ ತಿರುಗುತ್ತಿತ್ತು,
ನವಿರಾಗಿ, ಯಾರೂ ಊದದೆ.
ಏಳು ಜನವೂ ಕಿವಿಗೊಟ್ಟು ನಿಂತೆವು.

ಅದು ಮುಗಿದ ಮೇಲೆ ಒಬ್ಬ ಹಮಾಲಿ ಕೇಳಿದ:
"ಟೀ ಇಲ್ಲೇನಾ, ಮೇಲೇನಾ?"