ಸದ್ದಡಗಿದ ಕಡೆ

ಹದಿನಾರು ವರ್ಷ ಬರಬೇಡ ಬರಬೇಡ ಎಂದು
ಬಾಗಿಲಿಗೆ ಬೆನ್ನು ಕೊಟ್ಟು ಕೂತವಳು
ಈಗ ಬಾ ಎನ್ನುತ್ತಿದ್ದಾಳೆ.
ಆರನೇ ರಾತ್ರಿ. ಅದು ಬಂದಿಲ್ಲ.

ಬ್ರನೋ ಊರಿನ ಆಸ್ಪತ್ರೆ, ಮೂರನೇ ಮಹಡಿ.
ಕಿಟಕಿಯಾಚೆ ಹಿಮ ಅರ್ಧ ಮನಸ್ಸಿನಿಂದ ಬೀಳುತ್ತಿದೆ.
ದ್ರಾಹೊಮಿರಾಳ ತಲೆಯಲ್ಲಿ ಹದಿನಾಲ್ಕು ತೂತು,
ತೂತಿಗೊಂದು ತಂತಿ, ಶಾವಿಗೆ ಎಳೆಯಷ್ಟು ಸಪೂರ,
ಒಂದೊಂದರ ಮೈಮೇಲೂ ಹತ್ತು ಹನ್ನೆರಡು ಕಿವಿ.
ಪಕ್ಕದ ಕೋಣೆಯಲ್ಲಿ ನಾನು, ರಾತ್ರಿ ಪಾಳಿಯವ,
ಆ ಕಿವಿಗಳು ಕೇಳಿದ್ದನ್ನು ಗೆರೆಯಾಗಿ ಓದುವವ.

ಟ್ರಾಮ್ ಓಡಿಸುತ್ತಿದ್ದಳಂತೆ.
ಒಂದು ಬೆಳಗ್ಗೆ ಗಂಟಲಿಗೆ ಯಾರೋ ದಾರ ಬಿಗಿದ ಹಾಗಾಗಿ,
ಆಮೇಲೆ ಏನೂ ಇಲ್ಲ; ಗಾಡಿ ನಿಲ್ದಾಣ ದಾಟಿ ಹೋಗಿತ್ತು.
ಯಾರಿಗೂ ಪೆಟ್ಟಾಗಲಿಲ್ಲ. ಲೈಸೆನ್ಸು ಹೋಯಿತು.
ಡಿಪೋದವರು ಕಳೆದ ವಸ್ತುಗಳ ಕೌಂಟರಿಗೆ ಹಾಕಿದರು:
ಕೊಡೆ, ಒಂಟಿ ಕೈಗವಸು, ಒಮ್ಮೆ ಒಂದು ಕಟ್ಟುಹಲ್ಲಿನ ಸೆಟ್ಟು.
"ಏನು ಕಳೆದಿದೆ ಅಂತ ಎಲ್ಲರಿಗೂ ಗೊತ್ತು,
ಎಲ್ಲಿ ಅಂದರೆ ಮಾತ್ರ ಆಕಾಶ ನೋಡ್ತಾರೆ."
ನಮ್ಮ ಡಾಕ್ಟರೂ ಅಷ್ಟೇ, ಅಂದೆ.
ನಕ್ಕಳು. ಹದಿನಾಲ್ಕೂ ತಂತಿ ಅಲುಗಿದವು.

ಐದು ಬಗೆಯ ಮಾತ್ರೆ.
ಒಂದು ಕೂದಲು ತಿಂದಿತು, ಒಂದು ಜನರ ಹೆಸರುಗಳನ್ನು,
ಇನ್ನೊಂದು ಅವಳ ಗಂಡನ ಸಹನೆಯನ್ನು.
ಅದು ಮಾತ್ರ ಯಾವುದಕ್ಕೂ ಜಗ್ಗಲಿಲ್ಲ.
ಸ್ಕ್ಯಾನ್ ತೆಗೆದರೆ ಮಿದುಳು ತೊಳೆದಿಟ್ಟ ಬಟ್ಟಲು, ಒಂದು ಕಲೆಯಿಲ್ಲ.
ಈಗ ಮಾತ್ರೆ ಇಳಿಸಿದ್ದೇವೆ, ನಿದ್ದೆ ಕೆಡಿಸಿದ್ದೇವೆ,
ಕಳ್ಳನಿಗೆಂದೇ ಚಿಲಕ ತೆಗೆದಿಟ್ಟು
ಕತ್ತಲಲ್ಲಿ ಉಸಿರು ಹಿಡಿದ ಮನೆಯವರ ಹಾಗೆ.
ಬಾರೋ, ಎನ್ನುತ್ತಾಳೆ ಗೋಡೆಗೆ. ನಾಚಿಕೆಯಾ?

ನಾಲ್ಕು ಹತ್ತಕ್ಕೆ ಬಂತು.
ಗುಂಡಿ ಒತ್ತಿದಳು, ಇನ್ನೊಂದು ಕೈ ಗಂಟಲಿಗೆ ಹೋಯಿತು.
ಓಡಿದೆ. ಹೆಸರು ಕೇಳಿದೆ.
ಕಣ್ಣು ನನ್ನನ್ನು ದಾಟಿ ಎಲ್ಲಿಗೋ ಹೊರಟಿತ್ತು.
ಹಿಡಿದುಕೊಂಡ ಅವಳ ನಡುಕ ನನ್ನ ಮೊಣಕೈವರೆಗೆ ಏರಿತು.
ತೊಂಬತ್ತೆರಡು ಸೆಕೆಂಡು.

ಪಾಳಿ ಮುಗಿದರೂ ನಾನು ಮನೆಗೆ ಹೋಗಲಿಲ್ಲ.
ತೆರೆಯ ಮುಂದೆ ಡಾಕ್ಟರ್ ಸ್ಲಾವಿಕೋವಾ, ತಣ್ಣಗಾದ ಕಾಫಿ,
ಹಣೆಯ ಕಡೆಯ ಗೆರೆಗಳ ಕೂಗು, ಕಿವಿಯ ಕಡೆಯವುಗಳ ಚೀರಾಟ.
ಹೊಸಬರು ಅಲ್ಲೇ ಬೆರಳಿಡುತ್ತಿದ್ದರು.
ಅವರು ಹಿಂದಕ್ಕೆ ಎಳೆದರು, ಇನ್ನೂ ಹಿಂದಕ್ಕೆ,
ಒಂದೇ ಒಂದು ಸೆಕೆಂಡನ್ನು
ಮೊರದಲ್ಲಿ ಅಕ್ಕಿ ಹರಡಿದ ಹಾಗೆ ಹರಡಿ
ಕಲ್ಲು ಹುಡುಕಿದರು.
ಕೂಗಿದವರನ್ನು ಬಿಡು, ಎಂದರು,
ಎಲ್ಲರಿಗಿಂತ ಮೊದಲು ಸುಮ್ಮನಾದವರು ಯಾರು?

ಇತ್ತು. ಎಕ್ಸ್ ತಂತಿ, ಮೂರನೇ ಕಿವಿ.
ಸುತ್ತಲಿನವೆಲ್ಲ ಎಂದಿನಂತೆ ಗುನುಗುತ್ತಿರುವಾಗ
ಅದೊಂದು ಗೆರೆ ಏರಿಳಿತ ಬಿಟ್ಟು ಚಪ್ಪಟೆಯಾಗಿತ್ತು.
ಹಿಗ್ಗಿಸಿ ನೋಡಿದರೆ ಮೌನವಲ್ಲ:
ಹಲ್ಲು ಕಚ್ಚಿದವನ ದವಡೆಯಲ್ಲಿರುತ್ತದಲ್ಲ,
ಅಂಥ ಸಣ್ಣ, ಬಿರುಸಾದ ಅದುರು.
ಮಡಿಕೆಗಳ ಕೆಳಗೆ ಮುಚ್ಚಿಕೊಂಡ ಆ ಭಾಗಕ್ಕೆ
ಹಳೆಯ ವೈದ್ಯರು ದ್ವೀಪ ಎಂದು ಹೆಸರಿಟ್ಟಿದ್ದಾರೆ.
ಮೇಲಿನಿಂದ ನೋಡುವವರಿಗೆ ಕಾಣುವುದೇ ಇಲ್ಲ.

ಇನ್ನೆರಡು ಸಲ ಬಂತು, ಅದೇ ಬಾಗಿಲಿನಿಂದ.
ಒಂದು ಸಂಜೆ ಅವಳಿಗೆ ಚಿತ್ರ ತೋರಿಸಿದರು.
ಕಡಲೆಕಾಳಿನಷ್ಟು ಜಾಗ, ಅದೇ ತಂತಿಯಿಂದ ಸುಡಬಹುದು,
ನಿಲ್ಲಬಹುದು, ನಿಲ್ಲದಿರಬಹುದು, ನಾಲಿಗೆ ಕೆಲದಿನ ತೊದಲಬಹುದು.
ಬಹಳ ಹೊತ್ತು ನೋಡಿದಳು.
ಆಮೇಲೆ ಕೌಂಟರಿನ ದನಿಯಲ್ಲೇ ಕೇಳಿದಳು:
"ಇದು ನನ್ನದೇ ಅನ್ನೋದಕ್ಕೆ ಗುರುತೇನು?"
ಡಾಕ್ಟರ್ ನನ್ನ ಮುಖ ನೋಡಿದರು.
ದಾರ, ಅಂದೆ. ಗಂಟಲಿಗೆ ಬಿಗಿದದ್ದು.
ಹ್ಞೂಂ, ಎಂದು ಸಹಿ ಹಾಕಿದಳು.

ಮರುದಿನ ಬೆಳಗ್ಗೆ ಟ್ರಾಮಿನಲ್ಲಿ ಜೇಬು ತಡವಿದೆ.
ಪೆನ್ನು ಅವಳ ಹತ್ತಿರವೇ ಉಳಿದಿದೆ.
ಕಳೆದದ್ದು ಎಲ್ಲಿದೆ ಅಂತ
ಈ ಊರಲ್ಲಿ ನನಗೊಬ್ಬನಿಗೆ ಗೊತ್ತು.
ಕೇಳಲು ಹೋಗಲಿಲ್ಲ.